ಅಜ್ಜಿಯ ಗೀಟು

ಕಾಲು ಮುರಿದು ಇನ್ನೂ ಮೂರು ವಾರ ತುಂಬಿರಲಿಲ್ಲ, ನಾನು ಆಟದ ಪಾರ್ಕಿಗೆ ಹೊರಟು ನಿಂತಿದ್ದೆ. ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರ್, ಮೈಮೇಲೆ ನೈಟಿ, ನೈಟಿಯ ಮೇಲೊಂದು ಟವಲ್. ಆಟೋದವನು ಹಿಂದಿನ ಸೀಟಿನಲ್ಲಿ ನನ್ನ ಕಾಲನ್ನು ಉದ್ದಕ್ಕೆ ಚಾಚಿಸಿ ಕೂರಿಸುವಷ್ಟರಲ್ಲಿ ನಮ್ಮ ಬಾಡಿಗೆಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಚಂದಾಪುರದಲ್ಲಿ ನಮ್ಮದು ಎಂಟು ಬಾಗಿಲಿನ ವಠಾರ. ಇರುವವರೆಲ್ಲ ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಹೋಗುವವರು. ವರ್ಷಕ್ಕೊಮ್ಮೆ ಒಬ್ಬಳೇ ಪಾರ್ಕಿಗೆ ಹೋಗಿ ಬರುವ ಓನರ್ ಆಂಟಿಗೆ ಆಟದ ಹುಚ್ಚು ಅಂತ ಅವರಲ್ಲಿ ಹಿಂದಿನಿಂದಲೂ ಮಾತಿತ್ತು. ಅವರ ಮಕ್ಕಳು ನನ್ನನ್ನು ಹಿಡಿದು, ಯಾವ ಆಟದಲ್ಲಿ ಜಾಸ್ತಿ ಭಯ ಆಗುತ್ತದೆ ಎಂದು ಕೇಳುವುದಿತ್ತು. ನಾನು ಆ ಪಾರ್ಕಿನಲ್ಲಿ ಇವತ್ತಿನವರೆಗೆ ಒಂದು ಕುದುರೆಯ ಮೇಲೂ ಕೂತವಳಲ್ಲ.

ನನ್ನ ಯಜಮಾನರು ಹಿಂದಿನ ದಿನದಿಂದಲೇ ಗೊಣಗುತ್ತಿದ್ದರು. ಆಟೋದ ಪಕ್ಕ ನಿಂತು ಕೊನೆಯ ಮಾತು ಅಂದರು.

"ಕಾಲು ಮುರ್ಕೊಂಡೋರು ಆಸ್ಪತ್ರೆಗೆ ಹೋಗ್ತಾರೆ ಕಣೆ, ಜೈಂಟ್ ವೀಲ್ ಹತ್ರ ಅಲ್ಲ. ನಿಮ್ಮಜ್ಜಿ ಒಂದು ವರ್ಷ ತಡ್ಕೊಳಲ್ವಾ?"

"ನೀವು ಊಟ ಇಲ್ದೆ ಒಂದು ಹೊತ್ತು ತಡ್ಕೊಂಡಿದೀರಾ?" ಅಂದೆ. ಅವರು ಒಳಗೆ ಹೋದರು.

ಕಾಲು ಮುರಿದ ಬಗೆ ಹೇಳಿಕೊಳ್ಳುವಂಥದ್ದೇನಲ್ಲ. ಮೇಲಿನ ಟ್ಯಾಂಕು ತುಂಬಿತೇ ಎಂದು ನೋಡಲು ತಾರಸಿಗೆ ಹತ್ತಿದವಳು ಇಳಿಯುವಾಗ ಕೊನೆಯ ಮೆಟ್ಟಿಲು ಮುಗಿಯಿತು ಅಂದುಕೊಂಡೆ. ಇನ್ನೂ ಒಂದಿತ್ತು. ಮೂವತ್ತು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು ಹೀಗೆ ಎಣಿಕೆ ತಪ್ಪಿಸುತ್ತದೆ ಎಂದು ಯಾರಿಗೆ ಗೊತ್ತು. ಡಾಕ್ಟರು ಆರು ವಾರ ಕಾಲು ಊರಬಾರದು ಎಂದರು. ಆರು ವಾರದ ನಡುವೆ ಮಹಾಲಯ ಅಮಾವಾಸ್ಯೆ ಬರುತ್ತದೆ ಎಂದು ನಾನು ಆಗಲೇ ಬೆರಳು ಮಡಚಿ ಎಣಿಸಿದ್ದೆ.

ಅಜ್ಜಿಯ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನನ್ನನ್ನು ಹೆತ್ತವಳು ಬಾಣಂತನದಲ್ಲೇ ಹೋದಳು. ಸಾಕಿದವಳು ಅಪ್ಪನ ಅಮ್ಮ. ನನಗೆ ಬರುವ ಮಾತೆಲ್ಲ ಅವಳದು. ಬಸ್ಸು ಹತ್ತಿದರೆ ನನಗೆ ವಾಂತಿ. ಹೊಸೂರಿಗೆ ಹೋಗುವಾಗ ಅವಳು ಕಿಟಕಿಯ ಕಡೆ ನನ್ನನ್ನು ಬಗ್ಗಿಸಿ, ಅಂಗೈಯಲ್ಲಿ ನನ್ನ ಹಣೆ ಒತ್ತಿ ಹಿಡಿದು, ಬರಲಿ ಬರಲಿ, ಒಳಗಿನ ಕಸ ಆಚೆಗೆ ಬಂದರೆ ಜೀವ ಹಗುರ ಅನ್ನುತ್ತಿದ್ದಳು. ಅಕ್ಷರ ಕಲಿತವಳಲ್ಲ. ಆದರೆ ಹೆಬ್ಬೆಟ್ಟು ಒತ್ತಲು ಒಪ್ಪುತ್ತಿರಲಿಲ್ಲ, ಮಸಿ ಬೆರಳಿಗೆ ಹತ್ತಿದರೆ ಮುದ್ದೆಗೂ ಹತ್ತುತ್ತದೆ ಎಂದು. ಸೊಸೈಟಿಯ ಪುಸ್ತಕವಿರಲಿ, ನನ್ನ ಶಾಲೆಯ ಕಾಗದವಿರಲಿ, ಪೆನ್ನು ಹಿಡಿದು ಒಂದು ಅಡ್ಡ ಗೀಟು, ಅದರ ಮೇಲೊಂದು ಉದ್ದ ಗೀಟು ಎಳೆಯುತ್ತಿದ್ದಳು. ಅದೇ ಅವಳ ರುಜು. ನನಗೆ ಒಂಬತ್ತು ವರ್ಷವಾದಾಗ ತೀರಿಹೋದಳು.

ನಮ್ಮ ಕಡೆ ಸತ್ತವರನ್ನು ಸ್ವಂತ ಹೊಲದ ಮೂಲೆಯಲ್ಲಿ ಹೂಳುತ್ತೇವೆ. ಅದನ್ನು ಗುಡ್ಡೆ ಅನ್ನುತ್ತೇವೆ. ಮಹಾಲಯ ಅಮಾವಾಸ್ಯೆಯ ದಿನ ಅವರು ಹಸಿದು ಬಂದು ಅಲ್ಲಿ ಕಾಯುತ್ತಾರೆಂದು ನಂಬಿಕೆ. ಅವರವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಹೊತ್ತು ಇಳಿಯುವ ಮೊದಲು ಗುಡ್ಡೆಯ ಮುಂದೆ ಇಡಬೇಕು. ಆ ಎಡೆಯನ್ನು ಒಂದು ಜೀವ ಮುಟ್ಟಬೇಕು, ಕಾಗೆಯೋ ನಾಯಿಯೋ ದಾರಿಹೋಕರೋ. ಹಾಗಾಗದಿದ್ದರೆ ವರ್ಷವಿಡೀ ಅವರಿಗೆ ಉಪವಾಸ. ಒಲೆ ಮುಂದೆ ಬೇಯಿಸುವವರು ಹೆಂಗಸರು, ಹೊಲಕ್ಕೆ ಹೊತ್ತೊಯ್ಯುವವರು ಗಂಡಸರು. ಹೆಣ್ಣುಮಕ್ಕಳು ಗುಡ್ಡೆಯ ಹತ್ತಿರ ಸುಳಿಯುವ ಹಾಗಿಲ್ಲ. ಅಜ್ಜಿಯನ್ನು ಎಲ್ಲಿಟ್ಟರು ಎಂದು ನಾನು ಕಣ್ಣಿಂದ ನೋಡಿದವಳಲ್ಲ.

ಆಮೇಲೆ ಆ ಹೊಲ ಮಾರಾಟವಾಯಿತು. ಸುತ್ತಲಿನ ಹೊಲಗಳನ್ನೂ ಕೊಂಡವರು ಕಾಂಪೌಂಡ್ ಎಬ್ಬಿಸಿದರು. ಪಾರ್ಕು ಬಾಗಿಲು ತೆರೆಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದರು. ಹೋಗುವ ಮೊದಲು ನನ್ನ ಕೈ ಹಿಡಿದು, ಅವಳ ಎಡೆ ತಪ್ಪಿಸಬೇಡ, ಕಲ್ಲಿನ ಹತ್ತಿರವೇ ಇದ್ದಾಳೆ ಅಂದರು. ಅಣ್ಣ, ಇನ್ನು ಮನೆಯಲ್ಲೇ ಫೋಟೋಕ್ಕೆ ಇಟ್ಟರಾಯಿತು ಅಂದ. ಚಿಕ್ಕಪ್ಪ, ಮಾರಿದ ನೆಲಕ್ಕೆ ಕಾಲಿಡುವುದಿಲ್ಲ ಎಂದು ಮಗಳ ಮನೆ ಮಾದನಾಯಕನಹಳ್ಳಿಗೆ ಹೋಗಿ ಕೂತ. ನಾನು ಟಿಕೆಟ್ ಕೊಂಡು ಒಳಗೆ ಹೋದೆ.

ಆ ಮೊದಲನೆಯ ಸಲ ನೆಲವೇ ಗುರುತು ಸಿಗಲಿಲ್ಲ. ದಿಬ್ಬವಿದ್ದಲ್ಲಿ ಕೊಳ, ಕಟ್ಟೆಯಿದ್ದಲ್ಲಿ ಸಿಮೆಂಟಿನ ಆನೆ. ಸುತ್ತಿ ಸುತ್ತಿ ಸುಸ್ತಾಗಿ, ರೈಲು ತಲೆಕೆಳಗಾಗಿ ಓಡುವ ಆಟದ ಪಕ್ಕದ ಬೇಲಿಗಿಡದ ನಡುವೆ ಮೊಣಕಾಲೆತ್ತರದ ಒಂದು ಕಲ್ಲು ಕಂಡೆ. ಅದರ ನೆತ್ತಿಯ ಮೇಲೆ ಉಳಿಯಲ್ಲಿ ಕಡಿದ ಒಂದು ಅಡ್ಡ ಗೀಟು, ಅದರ ಮೇಲೊಂದು ಉದ್ದ ಗೀಟು. ಅಜ್ಜಿಯ ರುಜು. ಅಲ್ಲೇ ಕೂತು ಅತ್ತೆ. ಮೇಲೆ ರೈಲಿನಲ್ಲಿದ್ದವರೂ ಕಿರುಚುತ್ತಿದ್ದರು, ಹಾಗಾಗಿ ಯಾರಿಗೂ ಕೇಳಿಸಲಿಲ್ಲ. ಅಲ್ಲಿಂದ ಹದಿನಾಲ್ಕು ವರ್ಷ ಒಂದು ಸಲವೂ ತಪ್ಪಿಸಿಲ್ಲ. ಸೀರೆಯ ನೆರಿಗೆಯೊಳಗೆ ಎಡೆಯ ಪೊಟ್ಟಣ ಸಿಕ್ಕಿಸಿಕೊಂಡು ಹೋಗುವುದು, ಯಾರೂ ನೋಡದಾಗ ಬೇಲಿಗಿಡ ಸರಿಸಿ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಎಡೆ ಇಡುವುದು, ಎದ್ದು ಬರುವುದು.

ಈ ಸಲ ಒಬ್ಬಳೇ ಹೋಗುವಂತಿರಲಿಲ್ಲ. ಬೆಳಿಗ್ಗೆ ಸೊಸೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮದುವೆಯಾಗಿ ಎರಡು ವರ್ಷ. ಹಾವೇರಿ ಕಡೆಯವಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಇವಳು ನಕ್ಕುಬಿಡುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಸುಮ್ಮನೆ ಕೇಳಿ, ಫೋನಿನಲ್ಲಿ ರಜೆ ಹಾಕಿ, "ನಮ್ಮಲ್ಲೂ ಹೊಲದಾಗ ಹೂಳತಾರ್ರೀ ಅತ್ತಿ. ನಡೀರಿ" ಅಂದಳು.

ತೊಂದರೆಯಿದ್ದದ್ದು ನೈಟಿಯದು. ನೈಟಿಗೆ ನೆರಿಗೆಯೆಲ್ಲಿ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಕಜ್ಜಾಯ, ಉದ್ದಿನ ವಡೆ, ಸಿಹಿಗುಂಬಳದ ಪಲ್ಯ ಎಲ್ಲವನ್ನೂ ಬಾಳೆಲೆಯಲ್ಲಿ ಕಟ್ಟಿ, ಕಾಲಿನ ಕೆಳಗೆ ಇಟ್ಟುಕೊಳ್ಳುವ ದಿಂಬಿನ ಕವರಿನೊಳಗೆ ಸೇರಿಸಿದೆ. ಉಳಿದದ್ದು ಅಜ್ಜಿಯ ಹೊಗೆಸೊಪ್ಪು. ಎಲೆ ಅಡಿಕೆಯ ಜೊತೆ ಅದೊಂದು ಎಸಳು ಇಲ್ಲದಿದ್ದರೆ ಅವಳಿಗೆ ಊಟ ಊಟವಲ್ಲ. ತಂಬಾಕು ಕಂಡರೆ ಗೇಟಿನಲ್ಲೇ ಮರ್ಯಾದೆ ಹೋಗುತ್ತದೆ. ಒಂದು ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ಲಾಸ್ಟರಿನ ಮೇಲ್ತುದಿಯಲ್ಲಿ, ತೊಡೆಗೂ ಹತ್ತಿಗೂ ನಡುವೆ ತೂರಿಸಿಕೊಂಡೆ. ಬುದ್ಧಿವಂತಿಕೆ ಎಂದುಕೊಂಡೆ. ಆನೇಕಲ್ ತಿರುವಿನಲ್ಲಿ ಆಟೋ ಒಂದು ಹಂಪ್ ಹಾರಿಸಿತು. ಆ ಪೊಟ್ಟಣ ಸರ್ರನೆ ಒಳಗೆ ಜಾರಿ ಮೊಣಕಾಲಿನ ಹಿಂದೆ ಹೋಗಿ ಕೂತಿತು. ಬೆರಳು ಹಾಕಿದೆ, ಬಾಚಣಿಗೆ ಹಾಕಿದೆ. ಸಿಗಲಿಲ್ಲ.

ಗೇಟಿನಲ್ಲಿ ಒಬ್ಬ ಹೆಣ್ಣುಮಗಳು ಸೆಕ್ಯೂರಿಟಿ. ಬ್ಯಾಗು ನೋಡಿದಳು, ಟವಲ್ ಎತ್ತಿ ನೋಡಿದಳು, ಆಮೇಲೆ ದಿಂಬು ಅದುಮಿದಳು.

"ಇದೇನಕ್ಕ, ಬಿಸಿಯಿದೆ?"

ಹದಿನಾಲ್ಕು ವರ್ಷದಲ್ಲಿ ಸಿಕ್ಕಿಬೀಳದವಳು ಇವತ್ತು ವಡೆಯ ಶಾಖಕ್ಕೆ ಸಿಕ್ಕಿಬಿದ್ದೆ ಅಂದುಕೊಂಡೆ. ಸೊಸೆ ಮೊಬೈಲಿನಿಂದ ತಲೆಯನ್ನೂ ಎತ್ತದೆ, "ಶಾಖದ ದಿಂಬು ರೀ. ಎಲುಬಿಗೆ ಬಿಸಿ ಬೇಕಂತ ಡಾಕ್ಟರ್ ಹೇಳ್ಯಾರ" ಅಂದಳು. ದೇವರ ಮುಂದೆ ಕೂತರೆ ಕಣ್ಣು ಬಿಡದ ಹುಡುಗಿ. ಸುಳ್ಳು ಇಷ್ಟು ಸರಾಗವಾಗಿ ಬಂದದ್ದು ನೋಡಿ ಕಾಲು ಮುರಿದ ದಿನಕ್ಕಿಂತ ಹೆಚ್ಚು ಗಾಬರಿಯಾದೆ. ಸೆಕ್ಯೂರಿಟಿಯವಳು ಪಾಪ, ಇಂಥ ಕಾಲಲ್ಲಿ ಯಾಕಕ್ಕ ಬಂದಿರಿ ಎಂದು ತಾನೇ ಓಡಿಹೋಗಿ ಗಾಲಿಕುರ್ಚಿ ತಂದಳು. ಕಾಲು ಚಾಚಲು ಒಂದು ಹಲಗೆಯನ್ನೂ ಹೊಂದಿಸಿಕೊಟ್ಟಳು.

ಪ್ರತಿವರ್ಷ ನಾನು ಮುಂದಿನ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಗಾಲಿಕುರ್ಚಿಗೆ ಆ ದಾರಿಯಿಲ್ಲ. ಹಿಂದಿನಿಂದ, ಕೆಲಸದವರು ಓಡಾಡುವ ಇಳಿಜಾರಿನಲ್ಲಿ ಹೋಗಿ ಎಂದರು. ಸೊಸೆ ತಳ್ಳಿದಳು. ರಜೆಯ ದಿನ, ಜನವೋ ಜನ. ಮುಂದಕ್ಕೆ ಚಾಚಿದ ನನ್ನ ಬಿಳಿ ಕಾಲನ್ನು ನೋಡಿ ಎಲ್ಲರೂ ದಾರಿ ಬಿಡುತ್ತಿದ್ದರು. ಯಾವ ಆಟದಿಂದ ಬಿದ್ದಿದ್ದು ಎಂದು ಒಬ್ಬಾಕೆ ಕೇಳಿದಳು. ಮನೆಯ ಮೆಟ್ಟಿಲು ಅಂದಿದ್ದಕ್ಕೆ ನಂಬಲಿಲ್ಲ. ಗಂಡನ ಕೈ ಹಿಡಿದು ಸಾಲಿನಿಂದ ಹೊರಗೆಳೆದಳು.

ಇಳಿಜಾರು ಮುಗಿದು ರೈಲಿನ ಆಟದ ಹಿಂಬದಿಗೆ ಬಂದೆವು. ನಾನು ಅಲ್ಲೇ ಬಾಯಿ ತೆರೆದು ಕೂತೆ.

ಬೇಲಿಗಿಡ ಇರಲಿಲ್ಲ. ಕಲ್ಲಿನ ಸುತ್ತ ಟೈಲ್ಸ್ ಹಾಕಿದ ಕಟ್ಟೆ. ಮೇಲೊಂದು ತಗಡಿನ ಮಾಡು. ಗಂಟೆ. ಕಲ್ಲಿಗೆ ಹಸಿರು ರವಿಕೆ ಕಣ ಸುತ್ತಿ, ಅರಿಸಿನ ಮೆತ್ತಿ, ಬೆಳ್ಳಿಯ ಎರಡು ಕಣ್ಣು ಅಂಟಿಸಿದ್ದರು. ನನ್ನ ಅಜ್ಜಿ ನನ್ನನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ರೈಲು ನಡೆಸುವ ಹುದ್ದೆಯಲ್ಲಿರುವ ಒಬ್ಬ ಮಧ್ಯವಯಸ್ಸಿನವನು ಊದುಬತ್ತಿ ಹಚ್ಚುತ್ತಿದ್ದ. ನನ್ನ ಕಡೆ ತಿರುಗಿ, "ಆಂಟಿ, ಚಪ್ಪಲಿ" ಅಂದ. ಒಂದೇ ಕಾಲಿನಲ್ಲಿದ್ದ ಒಂದೇ ಚಪ್ಪಲಿಯನ್ನು ಸೊಸೆ ತೆಗೆದಳು.

ಇದು ಯಾವ ದೇವರಪ್ಪಾ ಎಂದು ಕೇಳಿದೆ. ಅವನಿಗೂ ಮಾತು ಬೇಕಿತ್ತೇನೋ. ತಾನು ಸೇರಿದಾಗ ಈ ಕಲ್ಲು ಗಿಡದ ನಡುವೆ ಇತ್ತಂತೆ. ವರ್ಷಕ್ಕೊಂದು ದಿನ, ಇದೇ ಅಮಾವಾಸ್ಯೆಯ ದಿನ, ಹೊಸ ಕುಂಕುಮ ಇರುತ್ತಿತ್ತಂತೆ. ಮುಂದೆ ಕಜ್ಜಾಯ. ಇಟ್ಟವರನ್ನು ಕಂಡವರಿಲ್ಲ. ಮೊದಮೊದಲು ಯಾರೋ ಮಾಟ ಮಾಡಿಸುತ್ತಿದ್ದಾರೆಂದು ಹೆದರಿದರಂತೆ. ಆಮೇಲೆ ಅವನ ಹಿಂದಿನ ಸೂಪರ್‌ವೈಸರು, ಇಲ್ಲ, ಅಮ್ಮನೇ ತನ್ನ ಎಡೆಯನ್ನು ತಾನೇ ಬಂದು ಇಟ್ಟುಕೊಳ್ಳುತ್ತಾಳೆ ಎಂದು ಬಿಡಿಸಿ ಹೇಳಿದನಂತೆ. ಹೋದ ವರ್ಷದ ಅಮಾವಾಸ್ಯೆ ಕಳೆದ ಮೇಲೆ ಎಲ್ಲ ಸೇರಿ ಕಟ್ಟೆ ಕಟ್ಟಿಸಿದರು. ಈಗ ಬೆಳಿಗ್ಗೆ ಇಲ್ಲಿ ಕೈಮುಗಿಯದೆ ಯಾರೂ ರೈಲಿನ ಸ್ವಿಚ್ ಒತ್ತುವುದಿಲ್ಲ.

"ತುಂಬಾ ಸತ್ಯವಂತೆ ಆಂಟಿ ಈಯಮ್ಮ" ಅಂದ. ಆಮೇಲೆ ದನಿ ಇಳಿಸಿ, "ಈ ವರ್ಷ ಇನ್ನೂ ಕಜ್ಜಾಯ ಬಂದಿಲ್ಲ. ಒಂದು ಗಂಟೆ ಮೇಲಾಯ್ತು. ನಮ್ಮ ಹುಡುಗ್ರೆಲ್ಲ ಸ್ವಲ್ಪ ಟೆನ್ಷನ್ನಲ್ಲಿದಾರೆ."

ಕಜ್ಜಾಯ ನನ್ನ ಕಾಲಿನ ಕೆಳಗೆ ದಿಂಬಿನಲ್ಲಿತ್ತು. ನಾನು ಸೊಸೆಯ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಟ್ಟೆಯ ಹಿಂದಕ್ಕೆ ಹೋಗಿ, ಬಟ್ಟೆ ಸುತ್ತದ ಬೆನ್ನಿನ ಕಡೆಯಿಂದ ಬಗ್ಗಿ ಕಲ್ಲಿನ ನೆತ್ತಿ ನೋಡುತ್ತಿದ್ದಳು. ಅಷ್ಟು ವರ್ಷ ನಾನು ಬೇಲಿಗಿಡದ ಮುಂದಿನಿಂದ ಮಾತ್ರ ನೋಡಿದ್ದೆ. ಹಿಂದಿನಿಂದ ನೋಡಿದರೆ ಆ ಗೀಟು ನೆತ್ತಿಯಲ್ಲೇ ನಿಂತಿರಲಿಲ್ಲ. ಅಂಚು ದಾಟಿ ಕಲ್ಲಿನ ಬೆನ್ನಿನ ಮೇಲೂ ಗೇಣುದ್ದ ಇಳಿದಿತ್ತು.

ಆ ಮನುಷ್ಯ ಸ್ವಿಚ್ಚಿನ ಕೋಣೆಗೆ ಹೋದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದಳು. ಬೀಗರು, ಅಂದರೆ ಅವಳ ಅಪ್ಪ, ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತರಾದವರು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಇದು ಗುಡ್ಡಿ ಕಲ್ಲಲ್ಲ. ಬಾಂದಕಲ್ಲು."

"ಏನು?"

"ಸರ್ವೆ ಕಲ್ರೀ. ಹೊಲದ ಗಡಿಗೆ ನೆಡೋದು. ಸಣ್ಣಾಕಿ ಇದ್ದಾಗ ಅಪ್ಪಾರ ಕೂಡ ಹೋಗಿ ಇಂಥಾವ ನೂರು ನೋಡೇನಿ. ಈ ಗೀಟು ಯಾವ ಕಡೆ ಹೋಗತೈತೋ ಆ ಕಡೆ ಇನ್ನೊಂದು ಕಲ್ಲು ಇರತೈತಿ."

ಅದು ನಮ್ಮಜ್ಜಿಯ ರುಜು ಅಂದೆ. ಅವಳು ಗೀಟಿನ ನೇರಕ್ಕೆ ಕೈ ಹಿಡಿದು, ಹೆಜ್ಜೆ ಎಣಿಸುತ್ತ ಜನರ ನಡುವೆ ಹೋದಳು. ಐಸ್‌ಕ್ರೀಮ್ ಅಂಗಡಿಯ ಪಕ್ಕ ಕಸದ ಡಬ್ಬಿ ಸರಿಸಿ ಬಗ್ಗಿದಳು. ಅಲ್ಲಿಂದಲೇ ಕೈ ಎತ್ತಿ ನನ್ನನ್ನು ಕರೆದಳು, ಆಮೇಲೆ ನಾನು ಏಳಲಾರೆನೆಂದು ನೆನಪಾಗಿ ಫೋಟೋ ತೆಗೆದುಕೊಂಡು ಬಂದಳು. ನೆಲದಲ್ಲಿ ಅರ್ಧ ಹೂತ ಇನ್ನೊಂದು ಕಲ್ಲು. ಅದರ ನೆತ್ತಿಯ ಮೇಲೂ ಒಂದು ಅಡ್ಡ ಗೀಟು, ಒಂದು ಉದ್ದ ಗೀಟು.

ಮೇಲೆ ರೈಲು ತಲೆಕೆಳಗಾಯಿತು. ಕೂತಿದ್ದ ನನಗೆ ಅದರಲ್ಲಿ ಇರುವ ಹಾಗೇ ಆಯಿತು. ಹದಿನಾಲ್ಕು ಮಹಾಲಯ. ಆ ಹದಿನಾಲ್ಕು ವರ್ಷವೂ ಅಜ್ಜಿ ಎಲ್ಲೋ ಒಂದು ಕಡೆ ಹಸಿದು ಕಾದಿದ್ದಾಳೆ, ನಾನು ಸರ್ಕಾರದ ಕಲ್ಲಿಗೆ ಕುಂಬಳಕಾಯಿ ಪಲ್ಯ ಬಡಿಸಿ ಎದ್ದು ಬಂದಿದ್ದೇನೆ. ಅದನ್ನೊಂದು ದೇವತೆಯನ್ನಾಗಿಯೂ ಮಾಡಿಟ್ಟಿದ್ದೇನೆ. ಮುರಿದ ಕಾಲೂ ನೆನಪಿರಲಿಲ್ಲ. ಏಳಲು ಹೋಗಿ ಸೊಸೆಯ ಕೈಯಲ್ಲಿ ಬಯ್ಯಿಸಿಕೊಂಡೆ.

ಅಣ್ಣನೂ ತೀರಿಕೊಂಡ ಮೇಲೆ ಕೇಳಬಹುದಾದವರು ಒಬ್ಬರೇ ಉಳಿದಿದ್ದರು. ಚಿಕ್ಕಪ್ಪನಿಗೆ ಫೋನು ಮಾಡಿ ವರ್ಷಗಳೇ ಆಗಿತ್ತು. ಹಬ್ಬಕ್ಕೆ ಅವನ ಮಗಳ ಹತ್ತಿರ ಮಾತಾಡಿದರೆ ಅವನು ಕೆಮ್ಮಿ ಎದ್ದುಹೋಗುತ್ತಿದ್ದ. ಇವತ್ತು ಅವನೇ ಎತ್ತಿಕೊಂಡ. ಎಲ್ಲಿದ್ದೇನೆ ಎಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕಿರುಚಾಟ ಕೇಳುತ್ತಿತ್ತು.

"ಚಿಕ್ಕಪ್ಪ, ಅಜ್ಜಿ ಗುಡ್ಡೆ ಕಲ್ಲು ಯಾವುದು?"

"ಯಾವ ಕಲ್ಲವ್ವ? ನಮ್ಮವ್ವನ ಗುಡ್ಡೆಗೆ ಕಲ್ಲೆಲ್ಲಿತ್ತು. ಬರೀ ಮಣ್ಣು."

"ಗೀಟು ಹಾಕಿರೋದು."

"ಅದು ಬಾಂದಿನ ಕಲ್ಲಲ್ವಾ. ಅದ್ರಿಂದ ಮೂಡ್ಲಾಗಿ ಅದ್ನೈದು ಮಾರು. ತಲೆ ಕಡೀಕೆ ಒಂಗೆ ಸಸಿ ನೆಟ್ಟಿದ್ದೆ ನಾನು." ಆಮೇಲೆ, "ಮರ ಐತಾ?" ಅಂದ.

ಯಾವ ಮರ ಅಂದೆ. ಅವನಿಗೆ ನಿಧಾನಕ್ಕೆ ತಿಳಿಯಿತು.

"ಇಷ್ಟ್ ವರ್ಷ ಎಲ್ಲಿಗೆ ಇಟ್ಟೆ ಎಡೆಯ?"

"ಕಲ್ಲಿಗೆ."

ಬಯ್ಯುತ್ತಾನೆ ಎಂದು ಕಾದೆ.

"ನೀನು ನನ್ನ ಕೇಳ್ಲಿಲ್ಲ" ಅಂದ. "ನಾನು ನಿಂಗೆ ಏಳ್ಲಿಲ್ಲ. ಒತ್ತಾಯ್ತು, ಓಗು ಮಗ. ಮರ ನೋಡು."

ಮೂಡಲ ಯಾವುದೆಂದು ಸೊಸೆ ಫೋನಿನಲ್ಲೇ ನೋಡಿದಳು. ತಳ್ಳತೊಡಗಿದಳು. ಮಾರಿಗೆ ಎಷ್ಟು ಹೆಜ್ಜೆ ಎಂದು ಕೇಳಿದಳು. ಹೇಳುವ ಮೊದಲೇ ನನಗೆ ಮರ ಕಂಡಿತ್ತು. ಕಂಡಿತ್ತು ಅನ್ನುವುದೇನು, ಪ್ರತಿವರ್ಷ ಅದರ ಕೆಳಗೇ ದಾಟಿ ಹೋಗಿದ್ದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಅಲ್ಲಿ ತೂಗಾಡುವ ದೊಡ್ಡ ದೋಣಿಯ ಆಟವಿದೆ. ಆ ದೋಣಿಯಿಂದ ಇಳಿದು ಹೊರಬರುವ ದಾರಿ ಹೊಂಗೆ ಮರದ ಬುಡಕ್ಕೇ ಬರುತ್ತದೆ. ತಲೆ ತಿರುಗಿದವರೆಲ್ಲ ಓಡಿ ಬಂದು ಮೊದಲು ಹಿಡಿಯುವುದು ಆ ಮರವನ್ನು. ಪಾರ್ಕಿನವರು ಅದಕ್ಕೇ ಅಲ್ಲಿ ಎರಡು ಬಕೆಟ್ಟು, ಒಂದು ನಲ್ಲಿ, ಒಂದು ಬೆಂಚು ಇಟ್ಟಿದ್ದಾರೆ. ದಿನವಿಡೀ ಯಾರಾದರೊಬ್ಬರು ಅಲ್ಲಿ ಬಗ್ಗಿ ವಾಂತಿ ಮಾಡುತ್ತಿರುತ್ತಾರೆ. ನಾವು ಹೋದಾಗಲೂ ಇಬ್ಬರು ಮಾಡುತ್ತಿದ್ದರು.

"ಇಲ್ಲೇನ್ರೀ?" ಅಂದಳು ಸೊಸೆ. ಅವಳ ಕೈ ಕುರ್ಚಿಯ ಹಿಡಿಯ ಮೇಲೆ ಹಾಗೇ ನಿಂತಿತ್ತು.

ಎಂಥ ಜಾಗಕ್ಕೆ ತಂದರು ಅವಳನ್ನು ಎಂದು ಮೊದಲು ಸಿಟ್ಟು ಬಂತು. ಮಾರಿದವರ ಮೇಲೆ, ಕೊಂಡವರ ಮೇಲೆ, ಮೂಗು ಮುಚ್ಚಿಕೊಂಡ ನನ್ನ ಮೇಲೆ. ಎಡೆ ಇಡುವುದಾದರೂ ಎಲ್ಲಿ? ಬುಡದ ಸುತ್ತ ಸಿಮೆಂಟು, ಸಿಮೆಂಟಿನ ಮೇಲೆ ನೀರು, ನೀರಿನಲ್ಲಿ ಬೇಡದ್ದೆಲ್ಲ. ಕುರ್ಚಿಯಿಂದ ನೆಲಕ್ಕೆ ಬಗ್ಗಲು ಕಾಲು ಬಿಡುವುದಿಲ್ಲ. ಹೊತ್ತು ಮರದ ಇನ್ನೊಂದು ಬದಿಗೆ ವಾಲಿತ್ತು. ದಿಂಬಿನಿಂದ ಪೊಟ್ಟಣ ತೆಗೆದು ಮಡಿಲಲ್ಲಿ ಬಿಚ್ಚಿಕೊಂಡೆ, ಆಮೇಲೇನು ಮಾಡಬೇಕೆಂದು ತಿಳಿಯದೆ ಕೂತೆ. ಕಾಗೆ ಬರುತ್ತದೇನೋ ಎಂದು ಮೇಲೆ ನೋಡಿದೆ. ಅಲ್ಲಿನ ಕಾಗೆಗಳು ಚಿಪ್ಸ್ ಅಂಗಡಿಯ ಹತ್ತಿರವಿದ್ದವು.

ದೋಣಿ ನಿಂತಿತು. ಒಂದು ಗುಂಪು ಹೆಣ್ಣುಮಕ್ಕಳು ನಗುತ್ತ ಇಳಿದರು. ಮಾತಿನಿಂದಲೇ ಗಾರ್ಮೆಂಟ್ಸಿನವರು ಎಂದು ಗೊತ್ತಾಯಿತು. ಅವರಲ್ಲೊಬ್ಬಳು ನಗುತ್ತಿರಲಿಲ್ಲ. ಇಪ್ಪತ್ತರ ಒಳಗಿನ ಹುಡುಗಿ, ಮುಖ ಬಿಳಿಚಿಕೊಂಡಿತ್ತು. ನೇರ ಬಂದು ಮರ ಹಿಡಿಯಲು ಹೋದವಳು ಮರದ ಬದಲು ನನ್ನ ಕುರ್ಚಿಯ ತೋಳು ಹಿಡಿದು ಬಗ್ಗಿದಳು. ಬಕೆಟ್ಟಿಗೆ ಅರ್ಧ, ನನ್ನ ಪ್ಲಾಸ್ಟರಿಗೆ ಅರ್ಧ.

ಸೊಸೆ ಚೀರಿ ಹಿಂದೆ ಸರಿದಳು. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಹೋಗಿ ಆ ಹುಡುಗಿಯ ಹಣೆಯನ್ನು ಅಂಗೈಯಲ್ಲಿ ಹಿಡಿದಿತ್ತು. "ಬರಲಿ, ಬರಲಿ" ಅನ್ನುತ್ತಿದ್ದವಳು ನಾನೇ. ಹೇಳಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ನಲವತ್ತೈದು ವರ್ಷದ ಮೇಲೆ ಆ ಮಾತು ಬಾಯಿಗೆ ಬಂದದ್ದು. ಅದೂ ಅಜ್ಜಿಯ ತಲೆಯ ಹತ್ತಿರ ಕೂತು.

ಹುಡುಗಿ ಬಾಯಿ ತೊಳೆದು ಬಂದು ಬೆಂಚಿನ ಮೇಲೆ ಕುಸಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಐದು ಗಂಟೆಗೇ ಎದ್ದು ವ್ಯಾನ್ ಹತ್ತಿದ್ದಂತೆ. ನನ್ನ ಕಾಲು ನೋಡಿ, ಸಾರಿ ಆಂಟಿ ಸಾರಿ ಆಂಟಿ ಎಂದು ತನ್ನ ವೇಲಿನಿಂದಲೇ ಒರೆಸಲು ಬಂದಳು. ಅವಳ ಕಣ್ಣು ನನ್ನ ಮಡಿಲಿನ ಎಲೆಯ ಮೇಲೆ ಬಿತ್ತು, ತಕ್ಷಣ ಬೇರೆ ಕಡೆ ಹೋಯಿತು.

ನಾನು ಎಲೆಯನ್ನು ಹಾಗೇ ಎತ್ತಿ ಅವಳ ಮುಂದೆ ಹಿಡಿದೆ. "ತಿನ್ನವ್ವ. ನಮ್ಮಜ್ಜಿ ಹೆಸರಲ್ಲಿ ಇವತ್ತು ಒಬ್ರು ಉಣ್ಣಬೇಕು."

ಅವಳು ಸೊಸೆಯ ಮುಖ ನೋಡಿದಳು. ಸೊಸೆ, "ತಿನ್ರಿ, ಭಾಳ ದೂರದಿಂದ ಬಂದಿದ್ದು ಅದು" ಅಂದಳು. ಹುಡುಗಿ ಮೊದಲು ವಡೆ ಮುರಿದಳು. ಆಮೇಲೆ ಪಲ್ಯ. ಆಮೇಲೆ ಮಾತೇ ಇಲ್ಲದೆ ಎಲ್ಲವನ್ನೂ ತಿಂದಳು, ಬೆರಳಿಗಂಟಿದ ಬೆಲ್ಲವನ್ನೂ ಬಿಡಲಿಲ್ಲ. ಒಂದು ಕಜ್ಜಾಯ ಉಳಿದಾಗ ಇದು ನಿಮಗೆ ಎಂದು ಎಲೆ ತಿರುಗಿಸಿದಳು. ಅಜ್ಜಿ ಊಟಕ್ಕೆ ಕೂತಾಗ ನನಗೆಂದು ಕೊನೆಯದು ಉಳಿಸುತ್ತಿದ್ದುದು ಹಾಗೇ. ನಾನು ಮುಖ ತಿರುಗಿಸಿ ಮರವನ್ನು ನೋಡಿದೆ. ಗಟ್ಟಿ ಮರ, ಅಪ್ಪಿದರೆ ಇಬ್ಬರ ತೋಳಿಗೆ ಬರುತ್ತದೆ. ಜನ ಹಿಡಿದು ಹಿಡಿದು ಎದೆಮಟ್ಟದಲ್ಲಿ ತೊಗಟೆ ನುಣುಪಾಗಿತ್ತು. ವರ್ಷವಿಡೀ ಇಷ್ಟು ಮಂದಿಯ ಹಣೆ ಅಜ್ಜಿಯ ಕೈಗೆ ಸಿಕ್ಕಿದೆ, ಅವಳು ಸುಮ್ಮನೆ ಮಲಗಿದ್ದಾಳೆ ಎಂದು ನಾನು ಒಪ್ಪಲಾರೆ.

ಹುಡುಗಿಯನ್ನು ಜೊತೆಯವರು ಕರೆದರು. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಮುರಿದದ್ದನ್ನೇ.

ಹಿಂದಿರುಗುವಾಗ ಸೊಸೆಗೆ ರೈಲಿನ ಹತ್ತಿರವೇ ಹೋಗು ಅಂದೆ. ಆ ಮನುಷ್ಯ ಕಟ್ಟೆಯ ಮೆಟ್ಟಿಲಲ್ಲಿ ಕೂತು ದಾರಿ ಕಾಯುತ್ತಿದ್ದ. ಅವನಿಗೆ ನಿಜ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಇದು ಬಾಂದಿನ ಕಲ್ಲಪ್ಪಾ, ಇದಕ್ಕೆ ಕಣ್ಣಿಲ್ಲ ಎಂದು. ಮೇಲೆ ಅಷ್ಟು ಮಕ್ಕಳನ್ನು ಹೊತ್ತ ರೈಲು ಹೋಯಿತು. ಅವನು ಅದು ನಿಲ್ಲುವವರೆಗೂ ಕಣ್ಣು ಕೀಳದೆ ನೋಡಿದ. ನನ್ನ ಬಾಯಿ ಮುಚ್ಚಿತು. ಅವನು ಒಳಗೆ ಹೋದಾಗ ಸೊಸೆಗೆ ಸನ್ನೆ ಮಾಡಿದೆ. ಅವಳು ಉಳಿದ ಕಜ್ಜಾಯವನ್ನು ಕಲ್ಲಿನ ಮುಂದಿಟ್ಟು, ಏನೂ ಆಗದವಳ ಹಾಗೆ ಕುರ್ಚಿ ತಿರುಗಿಸಿದಳು. ನಾವು ಇಳಿಜಾರು ಮುಟ್ಟುವಷ್ಟರಲ್ಲಿ ಹಿಂದೆ ಗಂಟೆ ಬಾರಿಸಿದ ಸದ್ದು ಕೇಳಿತು.

"ಅತ್ತಿ" ಅಂದಳು ಆಟೋದಲ್ಲಿ, "ನಮ್ಮ ಅಪ್ಪಾರಿಗೆ ಹೇಳಲೇನು? ಸರ್ವೆ ಕಲ್ಲಿಗೆ ಪೂಜೆ ಮಾಡೋ ಬೀಗತಿ ಸಿಕ್ಕಾರಂತ."

"ಹೇಳು. ಅವರು ನೆಟ್ಟ ಕಲ್ಲೆಲ್ಲಾ ಹಸಿದಿರ್ತವೆ, ಅವರೂ ಒಂದೊಂದು ಎಡೆ ಇಟ್ಟು ಬರಲಿ" ಅಂದೆ. ನಗಲು ಹೋದೆ, ನಗು ಅರ್ಧಕ್ಕೆ ನಿಂತಿತು.

ಚಿಕ್ಕಪ್ಪನಿಗೆ ಸಂಜೆ ಫೋನು ಮಾಡಿದೆ. ಮರ ಇದೆ, ದೊಡ್ಡದಾಗಿದೆ, ಎಡೆ ಉಂಡರು ಅಂದೆ. ಯಾರು ಉಂಡರು ಎಂದು ಅವನು ಕೇಳಲಿಲ್ಲ. ನೆರಳು ಐತಾ ಎಂದು ಮಾತ್ರ ಕೇಳಿದ. ಇದೆ, ಅಲ್ಲಿ ಜನ ಬಂದು ಕೂರುತ್ತಾರೆ ಅಂದೆ. ಬಕೆಟ್ಟಿನ ವಿಷಯ ಹೇಳಲಿಲ್ಲ. ನಾನೂ ಒಂದು ಸಲ ಬಂದು ನೋಡಬೇಕು ಅಂದ, ಕೆಮ್ಮದೆ.

ಮೂರು ವಾರ ಕಳೆದು ಪ್ಲಾಸ್ಟರ್ ಕತ್ತರಿಸಿದರು. ಕತ್ತರಿಸುವವನು ಮೊಣಕಾಲಿನ ಹಿಂದಿನಿಂದ ಚಪ್ಪಟೆಯಾದ ಪ್ಲಾಸ್ಟಿಕ್ ಪೊಟ್ಟಣವನ್ನು ಚಿಮಟದಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, ನನ್ನ ಮುಖ ನೋಡಿದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಏನಮ್ಮ ಇದು?"

"ಹೊಗೆಸೊಪ್ಪು ಸಾರ್. ನನ್ನದಲ್ಲ, ನಮ್ಮಜ್ಜಿದು."

ಸೊಸೆ ಬಾಗಿಲಿನ ಹೊರಗೆ ಹೋಗಿ ನಿಂತಳು. ಆ ಪೊಟ್ಟಣವನ್ನು ಕಸಕ್ಕೆ ಹಾಕಲು ಹೋದವನ ಕೈಯಿಂದ ನಾನು ಇಸಿದುಕೊಂಡೆ. ಈಗ ಅದು ಅಡುಗೆಮನೆಯ ಅಟ್ಟದ ಮೇಲೆ, ಎಲೆ ಅಡಿಕೆಯ ಡಬ್ಬಿಯಲ್ಲಿದೆ. ಉಂಡವಳಿಗೆ ಇನ್ನೂ ಎಲೆ ಅಡಿಕೆ ಕೊಟ್ಟಿಲ್ಲ.